ಮಡಿಚಿ ಕಟ್ಟಿದ ಕಾಲು

ಹಲಗೆಯ ಮೇಲೆ ಮಲಗಲು ಯಾರೂ ಒಪ್ಪಲಿಲ್ಲ. ತೊಡಕು ಅಲ್ಲಿಂದಲೇ ಹುಟ್ಟಿತು.

ಹಲಗೆ ಮಾಡಿದವನು ನಾನು. ಅಣ್ಣಿಗೇರಿಯ ಒಂದು ಹತ್ತಿ ಜಿನ್ನಿನಲ್ಲಿ ಕಟ್ಟಿಗೆಯ ಕೆಲಸವೆಲ್ಲ ನನ್ನ ಕೈಯಲ್ಲಿತ್ತು. ಹತ್ತಿಯಿಂದ ಕಾಳು ಬಿಡಿಸುವ ರೋಲರುಗಳಿಗೆ ಚರ್ಮ ಸುತ್ತುವುದೂ ನಾನೇ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟೆ, ನಿಜ. ಆದರೆ ನಾನು ಕೂಡಿಸಿದ ಕೀಲು ಅಲುಗಾಡಿದ್ದನ್ನು ಯಾರೂ ಇನ್ನೂ ತೋರಿಸಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಎಪ್ಪತ್ತರ ದಶಕದ ನಡುವಿನ ಒಂದು ಮಳೆಗಾಲ ಅದು. ಮಳೆಗಾಲಕ್ಕೆ ಜಿನ್ನು ಬಂದ್ ಇರುತ್ತದೆ. ಖಾಲಿ ಬಿದ್ದ ದೊಡ್ಡ ಶೆಡ್ಡನ್ನು ಮಾಲಕರು ಹುಬ್ಬಳ್ಳಿಯಿಂದ ಬಂದ ಒಬ್ಬ ಡಾಕ್ಟರಿಗೆ ಬಿಟ್ಟುಕೊಟ್ಟಿದ್ದರು. ಡಾಕ್ಟರಿಗೆ ರೋಗಿಗಳು ಬೇಕಿರಲಿಲ್ಲ. ದುಡಿಯುವ ಜನರ ಕೈಕಾಲುಗಳ ತೂಕ ಬೇಕಿತ್ತು.

"ಕಾಲು ಮೈಗೆ ಹತ್ತಿಕೊಂಡಿರತಾವ. ಬಿಚ್ಚಿ ತಕ್ಕಡಿಗೆ ಹಾಕಾಕ ಬರತೈತೇನ್ರಿ?" ಎಂದು ಮೊದಲ ದಿನವೇ ಕೇಳಿದೆ.

ಡಾಕ್ಟರು ನಕ್ಕರು. "ಹೊರದೇಶದಾಗ ಹಂಗs ಮಾಡ್ಯಾರ, ಮಿಸ್ತ್ರಿ. ಸತ್ತವರ ಕಾಲು ತಗದು ತೂಗಿ ಪುಸ್ತಕದಾಗ ಬರದಾರ. ಆ ಲೆಕ್ಕ ಹಿಡಕೊಂಡು ನಾವು ಇಲ್ಲೆ ಕಟ್ಟಿಗಿ ಕಾಲು ಮಾಡ್ತೀವಿ. ನಮ್ಮ ಮಂದಿ ಕುಕ್ಕರಗಾಲಿಲೆ ಕೂಡೋರು, ಬರಿಗಾಲಿಲೆ ಎರಿ ಮಣ್ಣು ತುಳಿಯೋರು. ಇವರ ತೊಡಿ, ಮೀನಖಂಡ ಬ್ಯಾರೆ ಇರ್ತಾವ. ಜೀವಂತ ಇದ್ದಾಗನ ತೂಗಬೇಕು. ಅದಕ್ಕ ನೀವು ಬೇಕು."

ಹಾಗೆ ಹಲಗೆ ಹುಟ್ಟಿತು. ಆಳುದ್ದಕ್ಕಿಂತ ತುಸು ಉದ್ದದ ಸಾಗವಾನಿ ಹಲಗೆ. ತಲೆಯ ಕಡೆ ಅದರ ಕೆಳಗೆ ಉಕ್ಕಿನ ಒಂದು ಅಲಗು, ಅಲಗಿನ ಕೆಳಗೆ ಕಲ್ಲು. ಕಾಲಿನ ಕಡೆ ಇನ್ನೊಂದು ಅಲಗು, ಅದರ ಕೆಳಗೆ ಡಾಕ್ಟರು ತಂದ ಮುಳ್ಳಿನ ತಕ್ಕಡಿ. ಮನುಷ್ಯ ಅಂಗಾತ ಮಲಗಿದರೆ ಅವನ ಭಾರ ಎರಡೂ ಕಡೆ ಹಂಚಿ ಹೋಗುತ್ತದೆ. ಮುಳ್ಳು ತನ್ನ ಪಾಲನ್ನು ತೋರಿಸುತ್ತದೆ. ಅವನು ಒಂದು ಕಾಲನ್ನು ನೆಟ್ಟಗೆ ಮೇಲೆತ್ತಿದರೆ ಆ ಕಾಲಿನ ಭಾರ ತಲೆಯ ಕಡೆಗೆ ಸರಿಯುತ್ತದೆ, ಮುಳ್ಳು ಇಳಿಯುತ್ತದೆ. ಎಷ್ಟು ಇಳಿಯಿತು ಎಂಬುದರಲ್ಲಿ ಕಾಲಿನ ಲೆಕ್ಕ ಅಡಗಿರುತ್ತದೆ. ಇದು ನನಗೆ ಕೂಡಲೇ ತಿಳಿಯಿತು. ಚಕ್ಕಡಿಯಲ್ಲಿ ಚೀಲ ಹಿಂದೆ ಮುಂದೆ ಸರಿಸಿದರೆ ಎತ್ತಿನ ಹೆಗಲಿಗೆ ತಿಳಿಯುವ ಲೆಕ್ಕವೇ ಅದು.

ಮೊದಲು ಮುಳ್ಳು ನಿಲ್ಲಲೇ ಇಲ್ಲ. ಬಾಗಿಲಿನ ಗಾಳಿಗೆ ಅಲುಗಿತು, ಬಾಗಿಲು ಹಾಕಿದೆ. ಅಲಗು ಒಂದು ಕೂದಲೆಳೆ ಓರೆ ಇತ್ತು. ಅರದಿಂದ ಉಜ್ಜಿ ಸರಿಮಾಡಿದೆ. ಆಮೇಲೆ ನಾನೇ ಮಲಗಿ ನೋಡಿದಾಗ ನನ್ನ ಉಸಿರಿಗೆ ಮುಳ್ಳು ಏರಿ ಇಳಿಯಿತು. ಉಸಿರು ಹಿಡಿದು ಅಳತೆ ಕೊಡಬೇಕು ಎಂದು ಡಾಕ್ಟರು ನಿಯಮ ಮಾಡಿದರು.

ಅಷ್ಟೆಲ್ಲ ಆದ ಮೇಲೆ ಜಿನ್ನಿನ ಹಮಾಲರನ್ನು ಕರೆದರೆ, ಬಾಗಿಲಲ್ಲಿ ನಿಂತು ಇಣುಕಿ, ಒಬ್ಬರ ಮುಖ ಒಬ್ಬರು ನೋಡಿದರು.

"ಜೀವಂತ ಮನಶ್ಯಾನ್ನ ಬಡಿಗ ಮಲಗಿಸಿ ಅಳದಾ ಅಂದ್ರ ಅದು ಯಾತಕ್ಕಂತ ಹಾಲು ಕುಡಿಯೋ ಕೂಸಿಗೂ ಗೊತ್ತೈತಿ," ಎಂದ ಹಿರಿಯ ಹಮಾಲ. "ಮಿಸ್ತ್ರಿ, ಮದಲ ನಿಮ್ಮ ಮಾವನ್ನ ಮಲಗಸ್ರಿ. ಅವ ಎದ್ದು ಬಂದ್ರ ನಾವೂ ಮಲಗತೀವಿ."

"ಮತ್ತ ತಲಿ ಯಾ ದಿಕ್ಕಿಗೆ ಐತಿ ನೋಡ್ರಿ," ಎಂದ ಇನ್ನೊಬ್ಬ.

ನೋಡಿದೆ. ಬೆಳಕಿಗಾಗಿ ನಾನು ಹಲಗೆಯನ್ನು ಕಿಡಕಿಯ ಬಾಜು ಹಾಕಿದ್ದೆ. ಮಲಗಿದವನ ತಲೆ ನೆಟ್ಟಗೆ ಬಡಗಣಕ್ಕೆ ಬರುತ್ತಿತ್ತು. ಹೆಣದ ತಲೆ ಇಡುವ ದಿಕ್ಕು. ಕಲ್ಲು, ಅಲಗು, ತಕ್ಕಡಿ ಎಲ್ಲವನ್ನೂ ಕಿತ್ತು ಮೂಡಣಕ್ಕೆ ತಿರುಗಿಸಿ ಮತ್ತೆ ಮಟ್ಟಸ ಮಾಡಿದೆ. ಆಮೇಲೆ ಎಲ್ಲರೆದುರು ನಾನೇ ಮೊದಲು ಮಲಗಿ, ಎದ್ದು, ಒಂದು ಕಪ್ ಚಹಾ ಕುಡಿದು ತೋರಿಸಿದೆ. ಆಗ ಒಬ್ಬೊಬ್ಬರೇ ಬಂದರು.

ಎಣ್ಣೆಯ ಪೀಪಾಯಿ ಕತ್ತರಿಸಿ ನೀರಿನ ತೊಟ್ಟಿಯನ್ನೂ ಮಾಡಿದೆ. ತುಂಬಿದ ತೊಟ್ಟಿಯಲ್ಲಿ ಕಾಲನ್ನು ಅದರ ಮೇಲೆ ಎಳೆದ ಮಸಿಯ ಗೆರೆಯವರೆಗೆ ಇಳಿಸಿದರೆ ಹೊರಚೆಲ್ಲಿದ ನೀರು ಕೊಳವೆಯಿಂದ ಬಕೀಟಿಗೆ ಬೀಳುತ್ತದೆ. ಮೊದಲು ಹಿಮ್ಮಡಿ, ಆಮೇಲೆ ಮೀನಖಂಡ, ಆಮೇಲೆ ತೊಡೆ. ಹೀಗೆ ತುಂಡುತುಂಡಾಗಿ ಮನುಷ್ಯನ ಗಾತ್ರ ಬಕೀಟಿಗೆ ಬರುತ್ತಿತ್ತು.

ಮೂರನೆಯ ಕೆಲಸ ಸಿನಿಮಾ ಕ್ಯಾಮರಾದ್ದು. ಧೋಬಿಯ ಮಸಿಯಿಂದ ಹಮಾಲರ ಕಾಲಿನ ಮೇಲೆ ಚುಕ್ಕೆ ಇಟ್ಟು, ಹತ್ತಿ ತೂಗುವ ಕಟ್ಟೆಯಿಂದ ಅವರನ್ನು ಕೆಳಗೆ ಜಿಗಿಸಿ ಡಾಕ್ಟರು ಚಿತ್ರ ತೆಗೆದರು. ರೀಲು ಮುಂಬಯಿಗೆ ಹೋಗಿ ತೊಳೆದು ಬಂತು. ಮಧ್ಯಾಹ್ನ ಕಿಡಕಿಗಳಿಗೆ ತಾಡಪತ್ರಿ ಕಟ್ಟಿ, ಧೋತರದ ಪರದೆಯ ಮೇಲೆ ನಿಧಾನಕ್ಕೆ ಓಡಿಸಿ ತೋರಿಸಿದರು. ಪರದೆಯ ತುಂಬ ಬರೀ ಕಾಲು. ಹಿಮ್ಮಡಿ ನೆಲ ಮುಟ್ಟಿತು, ಎಲುಬು ನಿಂತಿತು. ಚುಕ್ಕೆಗಳು ನಿಲ್ಲಲಿಲ್ಲ. ಮೀನಖಂಡದ ಮಾಂಸ ಎಲುಬನ್ನು ಬಿಟ್ಟು ಕೆಳಗೆ ಇಳಿಯಿತು, ಮತ್ತೆ ಮೇಲೆ ಬಂತು, ನೀರಿನಂತೆ ತುಳುಕಿತು, ನಡುಗಿತು, ಬಹಳ ಹೊತ್ತಿನ ಮೇಲೆ ತನ್ನ ಜಾಗಕ್ಕೆ ಬಂದು ಕೂತಿತು.

"ಮನಶ್ಯಾ ಬಂದು ನಿಂತಾನ," ಎಂದ ಹಿರಿಯ ಹಮಾಲ ಕತ್ತಲೆಯಲ್ಲಿ. "ಮೈ ಇನ್ನೂ ಹಿಂದಿಂದ ಬರಾಕತ್ತೈತಿ."

ಮನೆಗೆ ಹೋಗುವಾಗ ನನ್ನ ಕಾಲುಗಳನ್ನು ನಾನೇ ನೋಡಿಕೊಳ್ಳುತ್ತ ನಡೆದೆ.

ಇದನ್ನೆಲ್ಲ ದಿನಾ ಬಾಗಿಲ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದವನೊಬ್ಬನಿದ್ದ. ಅವನನ್ನು ಕಾಲು ಹೋದಾತ ಎಂದೇ ಕರೆಯುತ್ತೇನೆ. ಇದೇ ಜಿನ್ನಿನಲ್ಲಿ ರೋಲರಿಗೆ ಹತ್ತಿ ಉಣಿಸುವ ಕೆಲಸದವನು, ಮೀಸೆ ತಿರುವುವ ವಯಸ್ಸು. ಹಿಂದಿನ ಹಂಗಾಮಿನಲ್ಲಿ ಅವನ ಧೋತರ ಮಶೀನು ತಿರುಗಿಸುವ ಪಟ್ಟಾಕ್ಕೆ ಸಿಕ್ಕಿ ಕಾಲು ಒಳಗೆ ಹೋಗಿತ್ತು. ದವಾಖಾನೆಯಲ್ಲಿ ತೊಡೆಯ ನಡುಮಧ್ಯಕ್ಕೆ ಕಡಿದಿದ್ದರು. ಜಿನ್ನಿನ ಮುಕಾದಮ ಅವನಿಗೆ ಖಡಕ್ಕಾಗಿ ಹೇಳಿದ್ದ: "ಹಂಗಾಮ ಶುರು ಆಗೂ ದಿನ ಎರಡೂ ಕಾಲ ಮ್ಯಾಲೆ ನಿಂತಿ ಅಂದ್ರ ಮಶೀನು ನಿಂದು. ಇಲ್ಲಾಂದ್ರ ಬ್ಯಾರೆಯವಗ ಕೊಡತೀನಿ. ಮರುಗಿದ್ರ ಹತ್ತಿ ತಾನs ಒಳಗ ಹೋಗಂಗಿಲ್ಲಪಾ." ಬೇರೆ ಕೆಲಸ ಅವನಿಗೆ ಬರುತ್ತಿರಲಿಲ್ಲ, ಕೊಡುವವರೂ ಇರಲಿಲ್ಲ. ಮನೆಯಲ್ಲಿ ವಯಸ್ಸಾದ ಅಪ್ಪನೊಬ್ಬ, ಒಂದು ಪಟ್ಟಿ ಹೊಲ.

ಡಾಕ್ಟರು ಅವನಿಗೆ ಕಾಲು ಮಾಡಿಕೊಡುವುದಾಗಿ ಒಪ್ಪಿದರು. ಮಾಡುವ ಕೈ ನನ್ನದು. ಇದ್ದ ಕಾಲನ್ನು ನೀರಿನ ತೊಟ್ಟಿಯಲ್ಲಿ ಅಳೆದೆವು. ಆಮೇಲೆ ಹಲಗೆಯ ಮೇಲೆ ಮಲಗಿಸಿದೆವು. ಕಿಡಕಿಯ ಬೆಳಕು ಅವನ ಮೇಲೆ ಬಿದ್ದಿತ್ತು. ಶೆಡ್ಡಿನ ತೊಲೆಗಳಿಗೆ ಹಿಂದಿನ ಹಂಗಾಮಿನ ಹತ್ತಿಯ ಎಳೆಗಳು ಇನ್ನೂ ಜೋತು ಬಿದ್ದಿದ್ದವು. ಅವನ ಅಪ್ಪ ಬಾಗಿಲಲ್ಲಿ ನಿಂತಿದ್ದ.

ಇದ್ದ ಕಾಲು ಎತ್ತಿಸಿ ಡಾಕ್ಟರು ಮುಳ್ಳು ಓದಿಕೊಂಡರು. ಮೋಟು ತೊಡೆಯ ಮೇಲೂ ಚುಕ್ಕೆ ಇಟ್ಟಿದ್ದರು.

"ಇನ್ನ ಆ ಕಾಲು ಎತ್ತು," ಎಂದರು.

"ಮೋಟು ಎತ್ತಲೇನ್ರಿ?"

"ಮೋಟಲ್ಲ. ಪೂರ್ತಿ ಕಾಲು ಅದ ಅಂತ ತಿಳಕೊಂಡು ಎತ್ತು. ಒಳಗಿನ ಸ್ನಾಯು ಹೆಂಗ ಸರೀತಾವ ನೋಡಬೇಕಾಗೇದ."

ಅವನು ಕಣ್ಣು ಮುಚ್ಚಿದ. ಕುತ್ತಿಗೆಯ ನರ ಬಿಗಿದವು, ಹಣೆಯಲ್ಲಿ ಬೆವರು ಒಡೆಯಿತು. ಮೋಟಿನ ಬದಿಯ ಚುಕ್ಕೆಗಳು ಒಂದರ ಹತ್ತಿರ ಒಂದು ಬಂದು ಗಂಟಿನಂತೆ ಕೂಡಿದವು. ಮುಳ್ಳು ಇಳಿಯಬೇಕಿತ್ತು. ಅದು ಒಂದು ಗೆರೆ ಮೇಲಕ್ಕೆ ಹೋಗಿ ಅಲ್ಲೇ ನಿಂತಿತು.

"ಏಳಂಗಿಲ್ರಿ," ಎಂದ ಕಣ್ಣು ತೆರೆಯದೆ. "ಮಡಿಚಿ ಕಟ್ಯಾರ್ರಿ ಅದನ್ನ."

ಬಾಗಿಲಲ್ಲಿ ಸದ್ದಾಯಿತು. ಅವನ ಅಪ್ಪ ಚೌಕಟ್ಟು ಹಿಡಿದು ಕುಸಿದು ಕೂತಿದ್ದ.

ನೀರು ಕುಡಿಸಿದ ಮೇಲೆ ಮುದುಕ ಹೇಳಿದ. ದವಾಖಾನೆಯಲ್ಲಿ ಕಾಲು ತೆಗೆದ ದಿನ ಅವನು ಅದನ್ನು ಕೇಳಿ ಇಸಿದುಕೊಂಡು, ಬಿಳಿ ಅರಿವೆಯಲ್ಲಿ ಸುತ್ತಿ, ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದ. ಏನು ಒಯ್ಯಾಕತ್ತಿ ಕಾಕಾ ಎಂದು ಯಾರೋ ಕೇಳಿದರೆ, ಮಗನ್ನ, ಎಂದಿದ್ದನಂತೆ. ಅವರದು ಲಿಂಗವಂತರ ಮನೆ. ಸತ್ತವರನ್ನು ಕಾಲು ಮಡಿಚಿ ಕೂಡ್ರಿಸಿ ಮಣ್ಣು ಕೊಡುವವರು. ಮಗನ ಒಂದು ಭಾಗ ಮುಂಚೆ ಹೊರಟರೆ ಅದೂ ಕೂತೇ ಹೋಗಬೇಕು ಎಂದು ಮುದುಕನಿಗೆ ಅನಿಸಿತ್ತು. ಹೊಲದಲ್ಲಿ ಒಬ್ಬನೇ ಕುಣಿ ತೋಡಿ, ಕಾಲನ್ನು ಮೊಣಕಾಲಿನಲ್ಲಿ ಮಡಿಚಿದ್ದ. ಸೆಟೆದುಕೊಂಡ ಕಾಲು ಬಿಚ್ಚಿಕೊಳ್ಳಲು ನೋಡುತ್ತಿತ್ತು. ತಲೆಯ ರುಮಾಲು ಹರಿದು, ಹಿಮ್ಮಡಿಯನ್ನು ತೊಡೆಯ ತುಂಡಿನ ಕಡೆಗೆ ಎಳೆದು ಬಿಗಿದು ಕಟ್ಟಿ, ವಿಭೂತಿ ಹಚ್ಚಿ ಮಣ್ಣು ಎಳೆದಿದ್ದ.

"ಕಟ್ಟಿದ್ದು ನಾ ಯಾರ ಮುಂದೂ ಹೇಳಿಲ್ರಿ," ಎಂದ. "ಇವನ ಮುಂದೂ ಹೇಳಿಲ್ಲ."

ಮಗ ಅಪ್ಪನನ್ನೇ ನೋಡುತ್ತಿದ್ದ. "ಯಪ್ಪಾ, ಬಾಳ ಬಿಗಿ ಕಟ್ಟೀಯೋ," ಎಂದ. ಬೈಗುಳವಾಗಿರಲಿಲ್ಲ ಅದು. ಚಪ್ಪಲಿ ಬಿಗಿಯಾಯಿತು ಎನ್ನುವ ದನಿಯಲ್ಲಿ ಹೇಳಿದ.

ಆ ಸಂಜೆ ಡಾಕ್ಟರು ನನಗೆ ತಿಳಿಸಿ ಹೇಳಿದರು. ಹೋದ ಕಾಲು ಇದ್ದಂತೆಯೇ ಅನಿಸುವುದು ಹೊಸದಲ್ಲ. ಪಟ್ಟಾ ಅವನ ಕಾಲನ್ನು ಮಡಿಚಿಯೇ ಒಳಗೆ ಎಳೆದಿತ್ತು; ಕೊನೆಯ ಹೊತ್ತಿನ ಆ ಮಡಿಕೆ ತಲೆಯಲ್ಲಿ ಉಳಿದಿರಬೇಕು. ಎತ್ತಲು ಹೋದಾಗ ಅವನು ಬೆನ್ನು ಬಿಗಿದು ಹೊಟ್ಟೆ ಕಾಲಿನ ಕಡೆಗೆ ಸರಿದಿರಬೇಕು, ಅದಕ್ಕೆ ಮುಳ್ಳು ಏರಿತು. ಎಲ್ಲವೂ ಒಪ್ಪುವ ಮಾತೇ. "ಕಟ್ಯಾರ ಅಂದಿದ್ದು?" ಎಂದು ಕೇಳಿದೆ. ಡಾಕ್ಟರು ಕನ್ನಡಕ ಒರೆಸಿಕೊಂಡರು. "ಅದು ನನಗ ಗೊತ್ತಿಲ್ಲ, ಮಿಸ್ತ್ರಿ," ಎಂದರು.

ನಾನು ಕಾಲು ಮಾಡಿದೆ. ಸಾಗವಾನಿಯ ಕಾಲು, ಇದ್ದ ಕಾಲಿನ ತದ್ರೂಪು. ನೀರು ಹೇಳಿದ ತೂಕಕ್ಕೆ ಸರಿಯಾಗಿ ಬರಲೆಂದು ಒಳಗೆ ಸೀಸದ ತುಂಡು ಕೂಡಿಸಿದೆ. ಜೀವಂತ ಕಾಲನ್ನೂ ಮರದ ಕಾಲನ್ನೂ ತೂಕದಲ್ಲಿ ಒಂದು ಮಾಡಿದ್ದೇನೆಂದು ನನಗೆ ಜಂಬ ಬಂದಿತ್ತು. ಮೋಟು ಕೂರುವ ಬಟ್ಟಲಿಗೆ ರೋಲರಿನ ಮೆತ್ತನೆಯ ಚರ್ಮ, ನಡುವಿಗೆ ಪಟ್ಟಿ, ಮೊಣಕಾಲಿಗೆ ಕಬ್ಬಿಣದ ಕೀಲು.

ಅವನು ಎದ್ದು ನಿಂತ. ಹೆಜ್ಜೆ ಇಟ್ಟ. ಕಡಿದ ಬಾಳೆಯಂತೆ ಬಿದ್ದ. ಎಬ್ಬಿಸಿದೆವು, ಮತ್ತೆ ಬಿದ್ದ.

"ಬಾಳ ಭಾರ ಐತ್ರಿ ಮಿಸ್ತ್ರಿ ಕಾಕಾ."

"ನಿನ್ನ ಇನ್ನೊಂದು ಕಾಲಿನಷ್ಟs ಐತೆಲೋ. ತೂಗೀನಿ."

"ಅದರ ಭಾರ ನನಗ ಹತ್ತಂಗಿಲ್ರಿ. ಇದು ಜೋತ ಬೀಳತೈತಿ. ಹೆಣಾ ಎಳದಂಗ."

ಡಾಕ್ಟರು ಬಟ್ಟಲಿನ ಒಳಗೆ ಬೆರಳಿಟ್ಟು ನೋಡಿದರು. ಮೋಟಿನ ಎಲುಬು ಮಾಂಸದೊಳಗೆ ಚೀಲದಲ್ಲಿಟ್ಟ ಕೋಲಿನಂತೆ ಆಡುತ್ತಿತ್ತು. ಚರ್ಮ ಹಿಡಿದರೂ ಎಲುಬು ಜಾರುತ್ತಿತ್ತು. ಪರದೆಯ ಮೇಲೆ ಕಂಡದ್ದೇ ಇಲ್ಲಿ ಬಟ್ಟಲಿನೊಳಗೆ ನಡೆದಿತ್ತು. ಸೀಸ ತೆಗೆದೆ, ಬಟ್ಟಲು ಕಿರಿದು ಮಾಡಿದೆ. ಬೀಳುವುದು ನಿಲ್ಲಲಿಲ್ಲ. ಕಡೆಗೆ ಅವನು ಗೋಡೆಗೆ ಆತು ಕೂತು, ಮರದ ಕಾಲನ್ನು ಬಿಟ್ಟು, ತನ್ನ ಕುಂಡೆಯ ಕೆಳಗೆ ಕೈಯಿಟ್ಟು ತೋರಿಸಿದ. "ಈ ಮರದ್ದು ಅಲ್ಲೆ ಕೆಳಗ ಐತ್ರಿ. ನನ್ನ ಹಿಮ್ಮಡಿ ಇಲ್ಲೈತಿ. ಎರಡೆರಡು ಕಾಲು ಹೊತಗೊಂಡು ನಾ ಹೆಂಗ ನಡೀಲಿ?"

ಮುದುಕ ಸಲಿಕೆ ತರಲು ಎದ್ದ. ತೋಡಿ ಗಂಟು ಬಿಚ್ಚಿ ಬರುತ್ತೇನೆ ಎಂದ. ಆದರೆ ಅವರ ಮನೆಯ ಗುರುಗಳಾದ ಅಯ್ಯನವರು ಆಗಲೇ ಹೇಳಿದ್ದರು: ಕೊಟ್ಟ ಮಣ್ಣು ತೆಗೆಯಬಾರದು, ತೆಗೆದರೆ ಉಳಿದದ್ದನ್ನೂ ಕರೆದಂತೆ. ಡಾಕ್ಟರು, "ಎರಿ ಮಣ್ಣು, ಮ್ಯಾಲೆ ಮಳಿ. ಆ ಅರಿವಿ ಎಂದೋ ಕರಗಿ ಹೋಗಿರ್ತದ. ಬಿಚ್ಚಲಿಕ್ಕೆ ಗಂಟs ಇರಂಗಿಲ್ಲ," ಎಂದರು.

"ಮತ್ತ ಯಾಕ ಬಿಗಿತೈತ್ರಿ?" ಎಂದ ಮಗ.

ಹೊರಗೆ ಜಿಟಿಜಿಟಿ ಮಳೆ. ನನ್ನ ಕೈಯಲ್ಲಿ ನಾನು ಮಾಡಿದ ಕಾಲಿತ್ತು. ಮಡಿಚಿದರೆ ಅದು ಕಾಟಕೋನಕ್ಕೆ, ಗೋಡೆ ನೆಲ ಕೂಡುವ ಮೂಲೆಯಷ್ಟಕ್ಕೆ, ನಿಲ್ಲುತ್ತಿತ್ತು, ಮುಂದೆ ಹೋಗುತ್ತಿರಲಿಲ್ಲ. ಮೀನಖಂಡದ ಮರ ತೊಡೆಯ ಮರಕ್ಕೆ ಬಡಿಯುತ್ತಿತ್ತು. ಅದನ್ನೇ ನೋಡುತ್ತ ನನಗೆ ಹೊಳೆಯಿತು. ನಾವು ಇದ್ದ ಕಾಲನ್ನು ಅಳೆದು ಅದರ ಜೋಡಿ ಮಾಡಿದ್ದೆವು. ಅವನಿಗೆ ಬೇಕಾಗಿದ್ದುದು ಇಲ್ಲದ ಕಾಲಿನ ಅಂಗಿ.

"ಡಾಕ್ಟರ, ಆ ಕಾಲು ಅಳೆಯೂಣ್ರಿ," ಎಂದೆ.

"ಯಾವುದು?"

"ಕಟ್ಟಿದ್ದು."

ಡಾಕ್ಟರು ನಗುತ್ತಾರೆ ಎಂದುಕೊಂಡಿದ್ದೆ. ಅವರು ಅಂಗಿಯ ತೋಳು ಮಡಿಚಿಕೊಂಡು ಟೇಪಿನ ಇನ್ನೊಂದು ತುದಿ ಹಿಡಿಯಲು ಬಂದರು.

ಅವನನ್ನು ಕಾಲಿಳಿಬಿಡುವ ಎತ್ತರದ ಬೆಂಚಿನ ಮೇಲೆ ಕೂಡ್ರಿಸಿದೆವು. ಮೊಣಕಾಲು ಎಲ್ಲಿದೆ ಎಂದು ಕೇಳಿದೆ. ಮೋಟಿನಿಂದ ಒಂದು ಗೇಣು ಮುಂದೆ ಗಾಳಿಯಲ್ಲಿ ಬೆರಳಿಟ್ಟು ತೋರಿಸಿದ. ಮೀನಖಂಡ ಎಲ್ಲಿ ತೊಡೆಗೆ ಒತ್ತಿದೆ, ಹಿಮ್ಮಡಿ ಎಲ್ಲಿ, ಬೆರಳುಗಳು ಯಾವ ಕಡೆಗೆ ತಿರುಗಿವೆ ಎಂದು ಒಂದೊಂದೇ ಕೇಳಿದೆ. ಅವನು ತಡವರಿಸಲಿಲ್ಲ. ಎರಡನೇ ಸಲ ಕೇಳಿದಾಗಲೂ ಅದೇ ಜಾಗ ತೋರಿಸಿದ. ಡಾಕ್ಟರು ಒಂದು ತುದಿ, ನಾನು ಒಂದು ತುದಿ, ನಡುವೆ ಏನೂ ಇಲ್ಲ. ಮೀನಖಂಡದ ಸುತ್ತಳತೆ ತೆಗೆಯಲೆಂದು ಟೇಪನ್ನು ಬಳಸಿ ತಂದು ತುಸು ಎಳೆದಾಗ ಅವನು ಸುಯ್ಯೆಂದು ಉಸಿರು ಒಳಗೆ ಎಳೆದುಕೊಂಡ. ಡಾಕ್ಟರ ಕೈ ತಾನಾಗಿ ಸಡಿಲಾಯಿತು. ನನ್ನದೂ.

ಲೆಕ್ಕ ನೋಡಿದರೆ ಆ ಕಾಲು ಇದ್ದ ಕಾಲಿಗಿಂತ ಕೃಶವಾಗಿತ್ತು. ಉಪವಾಸ ಕೂತವರ ಕಾಲಿನಂತೆ. ಹೋದ ಕಾಲು ಹೀಗೆ ಸೊರಗುತ್ತ ಬರುವುದನ್ನು ಬೇರೆಯವರೂ ಹೇಳಿದ್ದಾರೆ ಎಂದು ಡಾಕ್ಟರು ಮೆಲ್ಲಗೆ ಅಂದರು. ಅವನಿಗೆ ಕೇಳದಂತೆ ಅಂದರು.

ಸಾಗವಾನಿಯ ಕಾಲನ್ನು ಒತ್ತಟ್ಟಿಗಿಟ್ಟೆ. ಅಷ್ಟು ದಿನದ ಕೆಲಸ ಬಿಡುವುದು ನನ್ನಂಥವನಿಗೆ ಸುಲಭವಲ್ಲ, ಆದರೂ ಬಿಟ್ಟೆ. ಕಲಘಟಗಿಯ ಕಡೆಯಿಂದ ಹಾಲವಾಣದ ದಿಮ್ಮಿ ತರಿಸಿದೆ, ಹಗುರ ಮರ. ಒಳಗೆಲ್ಲ ಟೊಳ್ಳು ಕೊರೆದೆ. ಸೀಳದಿರಲೆಂದು ಹಸಿ ಚರ್ಮ ಎಳೆದು ಹೊದಿಸಿ ಒಣಗಿಸಿದೆ. ಉದ್ದ ಮಾತ್ರ ಇದ್ದ ಕಾಲಿನದು, ದಪ್ಪ ಅವನು ಗಾಳಿಯಲ್ಲಿ ತೋರಿಸಿದ್ದು. ತೊಡೆಯ ಹಿಂಬದಿ, ಮೀನಖಂಡದ ಹಿಂಬದಿ ಎರಡನ್ನೂ ಬಾಚಿಯಿಂದ ಕೆತ್ತಿ ಇಳಿಸಿದೆ, ಪೂರ್ತಿ ಮಡಿಚಿದರೆ ಹಿಮ್ಮಡಿ ಹೋಗಿ ಕುಂಡೆಗೆ ತಾಗುವಂತೆ.

ತೂಕ ಅರ್ಧಕ್ಕೂ ಕಡಿಮೆ ಬಂತು. "ಇರಲಿ," ಎಂದರು ಡಾಕ್ಟರು. "ತೂಕ ಬ್ಯಾಡ. ತೂಗಾಟ ಒಂದಾಗ್ತದೇನು ನೋಡೋಣು." ಅವನನ್ನು ಎತ್ತರದ ಬೆಂಚಿನ ಮೇಲೆ ಕೂಡ್ರಿಸಿ ಇದ್ದ ಕಾಲನ್ನು ಸಡಿಲ ಬಿಟ್ಟು ಆಡಿಸಿದರು. ಪಕ್ಕದಲ್ಲಿ ತೊಲೆಗೆ ಅಲಗು ಹಾಕಿ ಮರದ ಕಾಲನ್ನು ಮೊಣಕಾಲಿನಿಂದ ಇಳಿಬಿಟ್ಟು ನಾನು ಆಡಿಸಿದೆ. ಮೊದಲು ಮರ ನಿಧಾನ ಇತ್ತು. ಪಾದದ ಕಡೆಯಿಂದ ಕೆತ್ತಿ ಹಗುರ ಮಾಡಿ, ಮೊಣಕಾಲಿನ ಹತ್ತಿರ ಕಬ್ಬಿಣ ಸೇರಿಸಿ, ಮತ್ತೆ ಆಡಿಸಿ, ಮತ್ತೆ ಕೆತ್ತಿ, ಕಡೆಗೆ ಎರಡೂ ಒಂದೇ ಸಮ ಹೋಗಿ ಬರತೊಡಗಿದವು. ಖಾಲಿ ಶೆಡ್ಡಿನಲ್ಲಿ ಒಂದು ಜೀವದ ಕಾಲು, ಒಂದು ಮರದ ಕಾಲು, ಒಟ್ಟಿಗೆ ಮುಂದೆ, ಒಟ್ಟಿಗೆ ಹಿಂದೆ. ಅವನು ತನ್ನ ಕಾಲು ನಿಲ್ಲಿಸಿದ. ಮರದ್ದು ಇನ್ನೂ ಹೋಗಿ ಬರುತ್ತಿತ್ತು. ಚಹಾ ತಂದಿದ್ದ ಹಮಾಲ ಕಿಟ್ಲಿಯನ್ನು ಬಾಗಿಲಲ್ಲೇ ಇಟ್ಟು ಹೋದ.

ಕಟ್ಟುವ ದಿನ ಮುದುಕ ಜಳಕ ಮಾಡಿ, ವಿಭೂತಿ ಹಚ್ಚಿಕೊಂಡು, ಹೊಸ ರುಮಾಲು ಸುತ್ತಿಕೊಂಡು ಬಂದ. ಅವತ್ತು ಹ್ಯಾಗೆ ಕಟ್ಟಿದ್ದೆಯೋ ಹಾಗೆಯೇ ಇದನ್ನು ಕಟ್ಟಬೇಕು ಎಂದು ನಾನು ಮೊದಲೇ ಹೇಳಿದ್ದೆ. ಮಗ ಹಲಗೆಯ ಮೇಲೆ ಕೂತ. ಮೋಟನ್ನು ಬಟ್ಟಲಿಗೆ ಇಳಿಸಿ ನಡುಪಟ್ಟಿ ಬಿಗಿದೆ. ಮರದ ಕಾಲನ್ನು ಪೂರ್ತಿ ಮಡಿಚಿದೆ. ಮುದುಕ ರುಮಾಲು ಬಿಚ್ಚಿ, ಹರಿದು, ಸುತ್ತ ಹಾಕಿದ. ಮೀನಖಂಡದ ಮೇಲೆ ಗಂಟು ಹಾಕಹೋದ.

"ಇನ್ನೂ ಕೆಳಗೋ ಯಪ್ಪಾ," ಎಂದ ಮಗ. "ಹರಡಿನ ಮ್ಯಾಲೆ ಇತ್ತು ಗಂಟು."

ಮುದುಕ ಅವನ ಮುಖ ನೋಡಿದ, ಗಂಟನ್ನು ಕೆಳಗೆ ಕಾಲಗಿಣ್ಣಿಗೆ ಸರಿಸಿ ಬಿಗಿದ.

"ಹಾಂ," ಎಂದ ಮಗ. ಮರದ ಹಿಮ್ಮಡಿಯನ್ನು ಕೈಯಿಂದ ತಡವಿದ. ಆಮೇಲೆ, "ಈಗ ಒಂದs ಐತ್ರಿ," ಎಂದ. "ಒಳಗ ಕೂತೈತಿ."

ಡಾಕ್ಟರು ಮುಳ್ಳಿನ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದರು. ಬಿಚ್ಚು ಎಂದು ನಾನು ಮುದುಕನಿಗೆ ಸನ್ನೆ ಮಾಡಿದೆ.

"ಬಿಚ್ಚತೀನಪಾ, ತಮ್ಮಾ," ಎಂದ ಮುದುಕ. ಯಾವ ಕಾಲಿಗೆ ಹೇಳಿದನೋ. "ತಪ್ಪು ತಿಳಕೋಬ್ಯಾಡ. ಚಲೋ ಆಗಲಂತನ ಕಟ್ಟಿದ್ದೆ."

ಗಂಟು ಬಿಚ್ಚಿತು. ನಾನು ಮರದ ಮೀನಖಂಡಕ್ಕೆ ಕೈ ಹಾಕುವ ಮೊದಲೇ ಡಾಕ್ಟರು, "ತಡೀರಿ," ಎಂದರು. ಮುಳ್ಳು ಸರಿಯುತ್ತಿತ್ತು. ಕಾಲು ಚಾಚಿದರೆ ಹೇಗೆ ಏರಬೇಕೋ ಹಾಗೆ, ಮೆಲ್ಲಗೆ, ಒಂದೊಂದೇ ಗೆರೆ. ಮರ ಮಡಿಚಿದಂತೆಯೇ ಇತ್ತು. ಅವನು ಮುಂದಕ್ಕೆ ವಾಲಿದನೇ? ವಾಲಿರಬಹುದು. ನಾನು ಅವನ ಮೋಟನ್ನು ನೋಡುತ್ತಿದ್ದೆ. ಬಟ್ಟಲಿನ ಅಂಚಿನ ಮೇಲೆ ಕಾಣುತ್ತಿದ್ದ ಚುಕ್ಕೆಗಳು ಒಂದನ್ನೊಂದು ಬಿಟ್ಟು ದೂರ ಹೋಗುತ್ತಿದ್ದವು.

"ಬರಾಕತ್ತೈತ್ರಿ," ಎಂದ. ಕಣ್ಣಲ್ಲಿ ನೀರು. "ಅದರ ಹಿಂದ ನೀವು ಬರ್ರಿ, ಮಿಸ್ತ್ರಿ ಕಾಕಾ. ಮುಂದ ಹೋಗಬ್ಯಾಡ್ರಿ."

ಅವನು ಹೇಳಿದಷ್ಟೇ ನಾನು ಮರವನ್ನು ಬಿಡಿಸಿದೆ. ಅವತ್ತು ಕಾಟಕೋನಕ್ಕೆ ಬಂದು ನಿಂತಿತು. ಮುಂದೆ ಬರಲಿಲ್ಲ, ನಾವೂ ಎಳೆಯಲಿಲ್ಲ. ದಿನಾ ಬಂದು ಕೂತು ತುಸು ತುಸು ಬಿಡಿಸಿದೆವು. ನೆಟ್ಟಗಾದ ದಿನ ಅವನು ಗೋಡೆಯ ಹಂಗಿಲ್ಲದೆ ಎದ್ದು ನಿಂತ.

ನಡೆಯುವುದು ಆಮೇಲಿನ ಕೆಲಸ. ಅಲ್ಲೂ ಬಿದ್ದ. ಆದರೆ ಅದು ಕಲಿಯುವವರ ಬೀಳುವಿಕೆ. ಕೀಲಿನ ಗೂಟವನ್ನು ಕೂದಲೆಳೆಯಷ್ಟು ಹಿಂದಕ್ಕೆ ಸರಿಸಿದೆ; ಭಾರ ಬಿದ್ದಾಗ ಮೊಣಕಾಲು ತಾನೇ ಗಟ್ಟಿ ನಿಲ್ಲತೊಡಗಿತು. ಮಳೆ ಹಿಂದಾಯಿತು, ಎರಿ ಒಣಗಿ ಬಿರಿಯಿತು. ಡಾಕ್ಟರು ತಕ್ಕಡಿ, ಕ್ಯಾಮರಾ ಕಟ್ಟಿಕೊಂಡು ಹುಬ್ಬಳ್ಳಿಗೆ ಹೋದರು. ಹೋಗುವಾಗ, ಮುಳ್ಳು ಸರಿದದ್ದನ್ನು ಬರೆದುಕೊಂಡಿರಾ ಎಂದು ಕೇಳಿದೆ. "ಬರಕೊಂಡೀನಿ. ಯಾರಿಗೆ ತೋರಿಸ್ಲಿ?" ಎಂದರು.

ಹಂಗಾಮಿನ ಮೊದಲ ದಿನ ಪೂಜೆ ಮಾಡಿ ಎಂಜಿನ್ನು ಚಾಲೂ ಮಾಡಿದರು. ಪಟ್ಟಾ ಓಡತೊಡಗಿತು. ಅದು ಅವನ ಕಾಲು ತಿಂದ ಪಟ್ಟಾ. ಅವನು ಧೋತರ ಬಿಟ್ಟು ಚಡ್ಡಿ ಹಾಕಿಕೊಂಡು ಬಂದಿದ್ದ. ಮರದ ಕಾಲು ಎಲ್ಲರಿಗೂ ಕಾಣುವಂತಿತ್ತು. ಮುಕಾದಮ ಅವನ ಸುತ್ತ ಒಂದು ಸುತ್ತು ಹಾಕಿ, ಕೈಯಲ್ಲಿದ್ದ ಬೆತ್ತದಿಂದ ಹಾಲವಾಣವನ್ನು ಟಕ್ ಟಕ್ ಬಡಿದ.

"ಲೇ, ನೋಯತೈತೇನು?"

"ಇನ್ನೊಂದು ಹೊಡತ ಹೊಡದ ನೋಡ್ರಿ. ಅದು ಒದ್ದೀತು," ಎಂದ ಅವನು.

ಹಮಾಲರು ಗೊಳ್ಳೆಂದು ನಕ್ಕರು. ಮುಕಾದಮನೂ ಮೀಸೆಯೊಳಗೆ ನಕ್ಕು, ಬೆತ್ತದಿಂದ ಅವನ ಹಳೆಯ ಮಶೀನನ್ನು ತೋರಿಸಿದ. ಅವನು ಹೋಗಿ ನಿಂತ. ಮೊದಲ ತೆಕ್ಕೆ ಹತ್ತಿ ಎತ್ತಿ ರೋಲರಿಗೆ ಕೊಟ್ಟ. ಊಟದ ಬಿಡುವಿನವರೆಗೆ ನಾನು ನನ್ನ ಕೆಲಸ ಬಿಟ್ಟು ಅವನ ಮೊಣಕಾಲನ್ನೇ ನೋಡುತ್ತಿದ್ದೆ. ಅದು ಬಾಗಲಿಲ್ಲ. ಅರಳಿ ಹಾರುವ ಹತ್ತಿಯಲ್ಲಿ ಅವನ ಎರಡೂ ಕಾಲು ಬೆಳ್ಳಗಾಗಿ, ಯಾವುದು ಯಾವುದೆಂದು ದೂರದಿಂದ ತಿಳಿಯದಂತಾಗಿತ್ತು.

ಸಂಜೆ ಎಂಜಿನ್ನು ನಿಂತ ಮೇಲೆ ಅವನು ನನ್ನ ಕೆಲಸದ ಕಟ್ಟೆಗೆ ಬಂದು, ಕಾಲು ಬಿಚ್ಚಿ ನನ್ನ ಕೈಗೆ ಕೊಟ್ಟ. ಕೀಲಿನೊಳಗೆ ಹತ್ತಿಯ ಧೂಳು ಸೇರಿ ಬಿಗಿಯಾಗಿದೆ, ಎಣ್ಣೆ ಹಾಕಿರಿ ಎಂದ. ಆಮೇಲೆ ಗೋಡೆ ಹಿಡಿದು ಹೊರಗೆ ಹೋಗಿ, ನನಗೆ ಬೆನ್ನು ಮಾಡಿ ಬೆಂಚಿನ ಮೇಲೆ ಕೂತು ಶೇಂಗಾ ಮಾರುವವಳ ಜೊತೆ ಹುಜ್ಜತ್ತಿಗೆ ಇಳಿದ.

"ಇದೇನ್ ಸೇರs ಬೇ ಯವ್ವಾ? ಇದಕ್ಕ ತಳಾ ಮ್ಯಾಲೆ ಬಂದೈತಿ ನೋಡು."

"ನಿನ್ನ ಕಣ್ಣ ಮ್ಯಾಲೆ ಬಂದಾವು. ತಗೋತಿದ್ರ ತಗೋ," ಎಂದಳು ಅವಳು.

ನಾನು ಒಳಗೆ ಗೋಡೆಯ ಮರೆಯಲ್ಲಿ ಕೂತಿದ್ದೆ; ಕಿಡಕಿಯಿಂದ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಕೀಲು ಕಾಣಲೆಂದು, ಸದ್ದಿಲ್ಲದೆ ಪೂರ್ತಿ ಮಡಿಚಿದೆ. ಹೊರಗೆ ಅವನು ಮಾತು ನಿಲ್ಲಿಸದೆ, ಬೆಂಚಿನ ಮೇಲೆ ಒಂದು ಬಾಜು ತುಸು ಎದ್ದ, ಕುಂಡೆಯ ಕೆಳಗೆ ಹಿಮ್ಮಡಿಗೆ ಜಾಗ ಬಿಟ್ಟುಕೊಡುವವರ ಹಾಗೆ. ಮತ್ತೆ ಕೂತ, ಶೇಂಗಾಕ್ಕೆ ಕೈ ಚಾಚಿದ.

ನಾನು ಕಾಲನ್ನು ಮೆಲ್ಲಗೆ ಬಿಡಿಸಿ, ಉದ್ದಕ್ಕೆ ಮಲಗಿಸಿ, ಆಮೇಲೆ ಎಣ್ಣೆ ಹಾಕಿದೆ.